ಐದು ಮನೆ ಯಾರ ಮನೆ? ಹೈಸ್ಕೂಲಿನಲ್ಲಿ ಸಮಸ್ಯೆ ಕೊಟ್ಟು ಸಂಗೀತ ಕಲಿಸುವ ಬಗೆ

ನಮ್ಮದು ಹೋಬಳಿ ಊರಿನ ಸರ್ಕಾರಿ ಪ್ರೌಢಶಾಲೆ. ಬೆಳಗಿನ ಪ್ರಾರ್ಥನೆಗೆ ಮುನ್ನೂರು ಚಿಲ್ಲರೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಕೇಳಿಸುವುದು ಮಾತ್ರ ಮುಂದಿನ ಎರಡು ಸಾಲಿನ ಹುಡುಗಿಯರ ದನಿ. ಹಿಂದೆ ನಿಂತ ಹತ್ತನೇ ತರಗತಿಯ ಹುಡುಗರು ತುಟಿ ಅಲ್ಲಾಡಿಸುತ್ತಾರೆ, ಅಷ್ಟೇ. ಹನ್ನೊಂದು ವರ್ಷ ಇದನ್ನು ನಾನು ಸೋಮಾರಿತನ ಎಂದೇ ತಿಳಿದಿದ್ದೆ. ಗದರಿದೆ, ಮುಂದೆ ಕರೆದು ಒಬ್ಬೊಬ್ಬರನ್ನೇ ಹಾಡಿಸಿದೆ, ದೈಹಿಕ ಶಿಕ್ಷಕರಿಗೆ ದೂರು ಹೇಳಿದೆ. ಯಾವುದೂ ಫಲ ಕೊಡಲಿಲ್ಲ.

ಕೊನೆಗೆ ಅದನ್ನೇ ಒಂಬತ್ತನೇ ತರಗತಿಯ ಮುಂದೆ ಇಟ್ಟೆ: 'ಮುನ್ನೂರು ಜನ ನಿಂತಿರುತ್ತೀರಿ, ಮೂವತ್ತು ಜನರ ದನಿ ಕೇಳುತ್ತದೆ. ಯಾಕೆ ಎಂದು ಪತ್ತೆ ಮಾಡಿ, ಸರಿ ಮಾಡಿ ತೋರಿಸಿ.' ಐದು ವಾರದ ನಂತರ ಮೂರನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಹೇಳಿದ: 'ಐದು ಮನೆ ನಿಮ್ಮ ಮನೆ ಮೇಡಂ. ನಮ್ಮದಲ್ಲ.'

ಸಂಗೀತ ಗೊತ್ತಿಲ್ಲದವರಿಗೆ ಒಂದು ಮಾತು. ಹಾರ್ಮೋನಿಯಂನಲ್ಲಿ ಷಡ್ಜವನ್ನು, ಅಂದರೆ ಹಾಡಿನ ಆಧಾರ ಸ್ವರವಾದ 'ಸ'ವನ್ನು, ಎಲ್ಲಿ ಹಿಡಿಯುತ್ತೇವೆ ಎನ್ನುವುದನ್ನು ನಾವು 'ಮನೆ' ಲೆಕ್ಕದಲ್ಲಿ ಹೇಳುತ್ತೇವೆ. ಬಿಳಿಯ ಕೀಗಳು ಒಂದು, ಎರಡು, ಮೂರು. ನಡುವಿನ ಕರಿಯವು ಒಂದೂವರೆ, ಎರಡೂವರೆ. ಹೆಂಗಸರು ಸಾಮಾನ್ಯವಾಗಿ ಐದು, ಐದೂವರೆ ಮನೆಯಲ್ಲಿ ಹಾಡುತ್ತಾರೆ. ನನ್ನದು ಐದು. ಹನ್ನೊಂದು ವರ್ಷ ಇಡೀ ಶಾಲೆಯನ್ನು ನನ್ನ ಗಂಟಲಿನ ಅಳತೆಗೆ ಹಾಡಿಸಿದ್ದೆ ಎನ್ನುವುದನ್ನು ಆ ಹುಡುಗ ಕಂಡುಹಿಡಿದಿದ್ದ.

ಹೀಗೆ ಸಮಸ್ಯೆಯನ್ನು ಮೊದಲು ಕೊಟ್ಟು ಪಾಠವನ್ನು ಅದರ ಬೆನ್ನಿಗೆ ಬರಲು ಬಿಡುವ ಪದ್ಧತಿ ನನ್ನ ಸ್ವಂತದ್ದಲ್ಲ. 1969ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿರುವ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದನ್ನು ಶುರುಮಾಡಿದರು. ಅಂಗರಚನೆ, ಔಷಧ ಎಂದು ಬೇರೆ ಬೇರೆ ಪಾಠ ಒಪ್ಪಿಸುವ ಬದಲು ರೋಗಿಯ ಕಥೆಯನ್ನು ಮುಂದಿಟ್ಟು, ಇದಕ್ಕೆ ಏನೇನು ತಿಳಿಯಬೇಕು ಎಂದು ಹುಡುಗರೇ ಹುಡುಕುವಂತೆ ಮಾಡಿದರು. ನಮ್ಮಲ್ಲಿ ರೋಗಿಯ ಜಾಗದಲ್ಲಿ ಬೆಳಗಿನ ಪ್ರಾರ್ಥನೆ ಇದೆ.

ಮೊದಲು ಸಮಸ್ಯೆ ಆರಿಸುವುದನ್ನು ಹೇಳುತ್ತೇನೆ. ಇಲ್ಲಿ ಎಡವಿದರೆ ಮುಂದೆ ಯಾವುದೂ ನಡೆಯುವುದಿಲ್ಲ. ನನ್ನ ಮೊದಲ ಪ್ರಯತ್ನ ಎಡವಿಯೇ ಬಿದ್ದಿತ್ತು. 'ಮೋಹನ ರಾಗಕ್ಕೂ ಹಂಸಧ್ವನಿ ರಾಗಕ್ಕೂ ಏನು ವ್ಯತ್ಯಾಸ?' ಎಂದು ಕೊಟ್ಟೆ. ಹೊರಗೆ ಪಾಠಕ್ಕೆ ಹೋಗುವ ಹುಡುಗಿಯೊಬ್ಬಳು, 'ಮೋಹನದಲ್ಲಿ ಧೈವತ (ದ), ಹಂಸಧ್ವನಿಯಲ್ಲಿ ನಿಷಾದ (ನಿ)' ಎಂದಳು. ಮುಗಿಯಿತು. ಉಳಿದ ನಲವತ್ತು ಮಕ್ಕಳು ಅದನ್ನು ಬರೆದುಕೊಂಡು ಕಿಟಕಿಯ ಕಡೆ ನೋಡಿದರು. ಅದು ಪ್ರಶ್ನೆಯಾಗಿತ್ತು, ಸಮಸ್ಯೆಯಾಗಿರಲಿಲ್ಲ. ಉತ್ತರ ಹೇಳಿದ ಕೂಡಲೇ ಪ್ರಶ್ನೆ ತೀರಿಹೋಗುತ್ತದೆ. ಸಮಸ್ಯೆಯಾದರೆ, ಉತ್ತರ ಹೇಳಿದ ಮೇಲೂ 'ಹಾಗಾದರೆ ನಾಳೆ ಬೆಳಿಗ್ಗೆ ಏನು ಮಾಡೋಣ?' ಎಂಬುದು ಉಳಿದಿರಬೇಕು.

ನಾನು ಈಗ ಮೂರು ಸಂಗತಿ ನೋಡುತ್ತೇನೆ. ತೊಂದರೆ ಕಿವಿಗೆ ಕೇಳಬೇಕು. ಪುಸ್ತಕದಲ್ಲಿ ಮಾತ್ರ ಇರುವ ತೊಂದರೆ ಬೇಡ. ಸಂಗೀತದ ಒಂದಾದರೂ ತಿಳಿವಳಿಕೆ ಇಲ್ಲದೆ ಅದು ಬಗೆಹರಿಯಬಾರದು. 'ವಾರ್ಷಿಕೋತ್ಸವಕ್ಕೆ ಎಷ್ಟು ಮೈಕ್ ಬೇಕು?' ಎನ್ನುವುದು ಒಳ್ಳೆಯ ಸಮಸ್ಯೆಯೇ, ಆದರೆ ಅದು ಶಾಮಿಯಾನದವರದು. ಕೊನೆಗೆ ಹಾಡಿ ಅಥವಾ ನುಡಿಸಿ ತೋರಿಸುವುದರಲ್ಲಿ ಮುಗಿಯಬೇಕು. ಭಾಷಣದಲ್ಲಿ ಮುಗಿಯುವುದಾದರೆ ಅದನ್ನು ಸಮಾಜ ವಿಜ್ಞಾನದವರಿಗೆ ಬಿಟ್ಟುಕೊಡಿ.

ಇನ್ನು ತರಗತಿ. ನನಗೆ ವಾರಕ್ಕೆ ಎರಡು ಪೀರಿಯಡ್, ತಲಾ ನಲವತ್ತು ನಿಮಿಷ. ಒಂದನ್ನು ಸಮಸ್ಯೆಗೆ, ಇನ್ನೊಂದನ್ನು ಎಂದಿನ ಅಭ್ಯಾಸಕ್ಕೆ ಇಟ್ಟಿದ್ದೇನೆ. ಒಂದು ಸಮಸ್ಯೆಗೆ ಐದು ಪೀರಿಯಡ್ ಸಾಕು. ಅದಕ್ಕಿಂತ ಎಳೆದರೆ ಹಳಸುತ್ತದೆ. ಆರಾರು ಮಕ್ಕಳ ಗುಂಪು ಮಾಡಿ. ಗುಂಪಿನಲ್ಲಿ ಒಬ್ಬರು ಬರೆಯಲಿ, ಒಬ್ಬರು ಶ್ರುತಿ ನೋಡಲಿ, ಒಬ್ಬರು ತಾಳ ಹಾಕಲಿ, ಉಳಿದವರು ಹಾಡಲಿ. ಪಾಠಕ್ಕೆ ಹೋಗುವ ಮಗುವನ್ನು ಬರೆಯಲು ಕೂರಿಸಿ. ಇದು ಅನುಭವದ ಮಾತು: ಆ ಮಗುವಿಗೆ ಸ್ವರ ಗೊತ್ತು, ಬಾಯಿ ಬಿಟ್ಟರೆ ಎಲ್ಲರೂ ಕೈಕಟ್ಟಿ ಕೂರುತ್ತಾರೆ. ಉಳಿದವರು ಹಾಡಿದ್ದನ್ನು ಸ್ವರಲಿಪಿಯಲ್ಲಿ ಹಿಡಿದಿಡುವ ಕೆಲಸ ಕೊಟ್ಟರೆ ಅದಕ್ಕೂ ಮೈತುಂಬ ಕೆಲಸ.

ಮೊದಲ ದಿನ ಹಲಗೆಯ ಮೇಲೆ ಮೂರು ಕಾಲಂ ಎಳೆಯಿರಿ: ಗೊತ್ತಿರುವುದು, ಅನ್ನಿಸುವುದು, ತಿಳಿಯಬೇಕಾದದ್ದು. ಪ್ರಾರ್ಥನೆಯ ಸಮಸ್ಯೆಗೆ 'ಅನ್ನಿಸುವುದು' ಕಾಲಂನಲ್ಲಿ ಬಂದ ಮಾತುಗಳು ಹೀಗಿದ್ದವು: ಹುಡುಗರಿಗೆ ನಾಚಿಕೆ; ಬೆಳಿಗ್ಗೆ ತಿಂಡಿ ತಿಂದಿರುವುದಿಲ್ಲ; ಹಾಡಿನ ಪದ ಬಾಯಿಗೆ ಬರುವುದಿಲ್ಲ; ಹಾಡು 'ತುಂಬಾ ಮೇಲೆ' ಇದೆ. ನಾಲ್ಕನ್ನೂ ಬರೆದೆ. ಕೊನೆಯದು ಸರಿ, ಮೊದಲ ಮೂರು ಅಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. (ಆಮೇಲೆ ನೋಡಿದರೆ ತಿಂಡಿಯ ಮಾತೂ ಪೂರ್ತಿ ಸುಳ್ಳಾಗಿರಲಿಲ್ಲ.) 'ತುಂಬಾ ಮೇಲೆ ಎಂದರೆ ಎಲ್ಲಿಗೆ? ಎಷ್ಟು ಮೇಲೆ?' ಎಂದು ಮಾತ್ರ ಕೇಳಿದೆ. ಅದು ಮೂರನೇ ಕಾಲಂಗೆ ಹೋಯಿತು.

ಎರಡನೇ ವಾರ ಅಳತೆ. ಮಕ್ಕಳು ಶಾಲೆಗೆ ಮೊಬೈಲ್ ತರುವಂತಿಲ್ಲ, ನನ್ನದೊಂದೇ ಇತ್ತು, ಅದರಲ್ಲಿ ಶ್ರುತಿ ತೋರಿಸುವ ಆ್ಯಪ್. ಒಬ್ಬೊಬ್ಬರೂ ಆರಾಮವಾಗಿ ಎಷ್ಟು ಕೆಳಗೆ, ಎಷ್ಟು ಮೇಲೆ ಹೋಗಬಲ್ಲರು ಎಂದು ಹಾರ್ಮೋನಿಯಂ ಮುಂದೆ ನಿಂತು ಹಾಡಿದರು. 'ಆರಾಮವಾಗಿ' ಎನ್ನುವುದನ್ನು ಒತ್ತಿ ಹೇಳಿ, ಇಲ್ಲದಿದ್ದರೆ ಹುಡುಗರು ಪಂದ್ಯ ಕಟ್ಟುತ್ತಾರೆ. ಗೋಡೆಗೆ ಅಂಟಿಸಿದ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಹುಡುಗಿಯರಿಗೆ ಕೆಂಪು ಗೆರೆ, ಹುಡುಗರಿಗೆ ನೀಲಿ ಗೆರೆ.

ಹಾಳೆ ತುಂಬಿದಾಗ ಮೂರು ಗುಂಪು ಕಣ್ಣಿಗೆ ಹೊಡೆಯುವಂತೆ ಕಂಡವು. ಹುಡುಗಿಯರ ಗೆರೆಗಳು ಮೇಲೆ. ದನಿ ಒಡೆದು ಮುಗಿದ ಹುಡುಗರದು ಹೆಚ್ಚುಕಡಿಮೆ ಒಂದು ಸ್ಥಾಯಿ (ಒಂದು ಸ ದಿಂದ ಮುಂದಿನ ಸ ವರೆಗಿನ ದೂರ) ಕೆಳಗೆ. ನಡುವೆ ಐದಾರು ಮೋಟು ಗೆರೆಗಳು, ಬರೀ ನಾಲ್ಕೈದು ಸ್ವರದಷ್ಟು ಉದ್ದ. ಇವು ದನಿ ಒಡೆಯುತ್ತಿರುವ ಹುಡುಗರದು. ವಿಜ್ಞಾನದ ಮೇಷ್ಟರನ್ನು ಅರ್ಧ ಗಂಟೆ ಕರೆದೆ. ಈ ವಯಸ್ಸಿನಲ್ಲಿ ಗಂಟಲಿನ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದಪ್ಪ ತಂತಿ ನಿಧಾನವಾಗಿ ಕಂಪಿಸುತ್ತದೆ ಎಂದು ಹೇಳಿದರು. ಹುಡುಗಿಯರ ದನಿಯೂ ಇಳಿಯುತ್ತದೆ, ಆದರೆ ಎರಡು ಮೂರು ಸ್ವರದಷ್ಟು ಮಾತ್ರ. ಒಂದು ಮನೆಯ ಷಡ್ಜವನ್ನು ಹುಡುಗ ಹಾಡಿದಾಗ ಮೊಬೈಲ್ ಸೆಕೆಂಡಿಗೆ ಸುಮಾರು 131 ಕಂಪನ ಎಂದಿತು, ಹುಡುಗಿ ಹಾಡಿದಾಗ ಸುಮಾರು 262. 'ಸರಿಯಾಗಿ ದುಪ್ಪಟ್ಟು!' ಎಂದು ಲೆಕ್ಕದಲ್ಲಿ ಸದಾ ಹಿಂದುಳಿಯುವ ಹುಡುಗಿಯೊಬ್ಬಳು ಕೂಗಿದಳು. ಸ್ಥಾಯಿ ಎಂಬ ಪದವನ್ನು ನಾನು ಹಲಗೆಯ ಮೇಲೆ ಬರೆದದ್ದು ಆಗ. ಮಂದ್ರ (ಕೆಳಗಿನದು), ಮಧ್ಯ, ತಾರ (ಮೇಲಿನದು) ಎಂದು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೆ. ಒಬ್ಬರೂ ಅದನ್ನು ಹೀಗೆ ಕೈಗೆ ತೆಗೆದುಕೊಂಡಿರಲಿಲ್ಲ.

ನಮ್ಮ ಪ್ರಾರ್ಥನೆ ಕೆಳಗೆ ಮಂದ್ರ ನಿಷಾದದವರೆಗೆ ಇಳಿಯುತ್ತದೆ, ಮೇಲೆ ತಾರ ಗಾಂಧಾರ (ಗ) ಮುಟ್ಟುತ್ತದೆ. ಹಾಡಿನ ಉದ್ದಕ್ಕೂ ಒಂದು ಕಾಗದದ ಪಟ್ಟಿ ಕತ್ತರಿಸಿ ಆ ಹಾಳೆಯ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಲು ಹೇಳಿದೆ. ಐದು ಮನೆಯಲ್ಲಿಟ್ಟರೆ ಹುಡುಗರಿಗೆ ಮೇಲಿನ ತುದಿ ಎಟುಕುವುದಿಲ್ಲ. ಒಂದು ಸ್ಥಾಯಿ ಇಳಿಸಿ ಹಾಡೋಣ ಎಂದರೆ ಕೆಳಗಿನ ತುದಿ ಪಾತಾಳ. ಎಲ್ಲಿ ಇಟ್ಟರೂ ಆಗದ ಹಾಡಿಗೆ ಅವರು ತುಟಿ ಅಲ್ಲಾಡಿಸದೆ ಇನ್ನೇನು ಮಾಡಬೇಕಿತ್ತು? ಎರಡು ಮನೆ ನೋಡಿದರು. ತಾರ ಗಾಂಧಾರದಲ್ಲಿ ಹುಡುಗರ ಕತ್ತಿನ ನರ ಉಬ್ಬಿತು. ಒಂದು ಮನೆಗೆ ತಂದಾಗ ಪಟ್ಟಿ ಎರಡೂ ಕಡೆ ಕೂತಿತು: ಹುಡುಗಿಯರು ಮೇಲಿನ ಸ್ಥಾಯಿಯಲ್ಲಿ, ಹುಡುಗರು ಅದೇ ಮನೆಯ ಕೆಳಗಿನ ಸ್ಥಾಯಿಯಲ್ಲಿ. ಮೋಟು ಗೆರೆಯವರು? 'ಅವರು ಹಾಡುವುದು ಬೇಡ, ತಂಬೂರಿ ಆಗಲಿ' ಎಂದರು ಯಾರೋ. ಮಂದ್ರ ಪಂಚಮ ಮತ್ತು ಷಡ್ಜ, ಎರಡೇ ಸ್ವರ, ಅವರ ನಾಲ್ಕೈದು ಸ್ವರದ ಒಳಗೇ ಬೀಳುತ್ತವೆ. ಸಾಲಿನ ಕೊನೆಕೊನೆಗೆ ಆ ಐದಾರು ಹುಡುಗರು 'ಆ…' ಎಂದು ಹಿಡಿದು ನಿಂತಾಗ ಹಾಡಿಗೆ ನೆಲ ಸಿಕ್ಕಿತು. ಇದು ನನಗೆ ಹೊಳೆದಿರಲಿಲ್ಲ, ಹೊಳೆಯುತ್ತಲೂ ಇರಲಿಲ್ಲ.

ಇದಕ್ಕೆ ಬೆಲೆ ಕೊಟ್ಟವಳು ನಾನು. ಒಂದು ಮನೆಯ ತಾರ ಗಾಂಧಾರ ನನ್ನ ಗಂಟಲಿಗೆ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ದಕ್ಕುವುದಿಲ್ಲ. ಅಂದಿನಿಂದ ಪ್ರಾರ್ಥನೆಗೆ ನಾನು ಶ್ರುತಿಪೆಟ್ಟಿಗೆ ಒತ್ತುತ್ತೇನೆ, ಹುಡುಗಿಯರು ಎತ್ತಿಕೊಳ್ಳುತ್ತಾರೆ.

ಈ ಐದು ವಾರದಲ್ಲಿ ಅತಿ ಕಷ್ಟದ ಕೆಲಸ ಬಾಯಿ ಮುಚ್ಚಿಕೊಂಡಿರುವುದು. ಸಂಗೀತದ ಮೇಷ್ಟರುಗಳಿಗೆ ಇದು ಬೇರೆಯವರಿಗಿಂತ ಕಷ್ಟ, ಏಕೆಂದರೆ ಅಪಸ್ವರ ಕಿವಿಗೆ ಬಿದ್ದರೆ ತಿದ್ದದೆ ಇರಲು ನಮಗೆ ಬರುವುದಿಲ್ಲ. ಗುರುಗಳು ನಮ್ಮನ್ನು ಹಾಗೆಯೇ ಬೆಳೆಸಿದ್ದಾರೆ. ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಸಮಸ್ಯೆಯ ಪೀರಿಯಡ್‌ನಲ್ಲಿ ಮೂರು ಮಾತಷ್ಟೇ ಆಡುವುದು: 'ಅದು ಹೇಗೆ ಗೊತ್ತಾಯಿತು?', 'ಹಾಡಿ ತೋರಿಸಿ', 'ಇನ್ನೊಂದು ದಾರಿ ಇದೆಯೇ?' ಗುಂಪು ಪೂರ್ತಿ ಸಿಕ್ಕಿಬಿದ್ದು ಹತ್ತು ನಿಮಿಷವಾದರೆ ಒಂದು ಸುಳಿವು ಕೊಡುತ್ತೇನೆ. ಉತ್ತರ ಕೊಡುವುದಿಲ್ಲ.

ಎರಡನೆಯ ಸಮಸ್ಯೆ ತಾನಾಗಿ ಬಂತು. ಶಾಲೆಯ ಹಾರ್ಮೋನಿಯಂನ ಆರನೇ ಮನೆಯ ರೀಡ್ ಮುರಿದು ಆ ಮನೆ ಮೂಕವಾಯಿತು. ರಿಪೇರಿಗೆ ಹಣ ಮಂಜೂರಾಗುವ ಹೊತ್ತಿಗೆ ವಾರ್ಷಿಕೋತ್ಸವ ಕಳೆದಿರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಸ್ವಾಗತ ಗೀತೆ ಮೋಹನ ರಾಗದ್ದು. ಒಂದು ಮನೆಯಲ್ಲಿ ಹಿಡಿದರೆ ಆರನೇ ಮನೆ ಅದರ ಧೈವತ. ಹಾಡು ಧೈವತಕ್ಕೆ ಬಂದಾಗಲೆಲ್ಲ ಹಾರ್ಮೋನಿಯಂ ಗಾಳಿ ಬಿಡುತ್ತಿತ್ತು, ಮಕ್ಕಳು ನಗುತ್ತಿದ್ದರು. ಸಮಸ್ಯೆ: ರಿಪೇರಿ ಇಲ್ಲದೆ ಈ ಹಾಡನ್ನು ನುಡಿಸಿ.

ಕರಿ ಬಿಳಿ ಎರಡನ್ನೂ ಸೇರಿಸಿ ಹೆಜ್ಜೆ ಎಣಿಸಿದರು. ಸ ದಿಂದ ರಿ ಗೆ ಎರಡು ಹೆಜ್ಜೆ, ರಿ ಯಿಂದ ಗ ಎರಡು, ಗ ದಿಂದ ಪ ಮೂರು, ಪ ದಿಂದ ದ ಎರಡು, ದ ದಿಂದ ಮೇಲಿನ ಸ ಮೂರು. ಒಟ್ಟು ಹನ್ನೆರಡು. ಸೀಮೆಸುಣ್ಣದ ಚೂರುಗಳನ್ನು ಮನೆಗಳ ಮೇಲಿಟ್ಟು ಹನ್ನೆರಡೂ ಕಡೆಯಿಂದ ಸ ಹಿಡಿದು ನೋಡಿದರು. ಐದು ಕಡೆ ಮೂಕ ಮನೆ ಅಡ್ಡ ಬಂತು, ಏಳು ಕಡೆ ಹಾಡು ಸಲೀಸಾಗಿ ಹೋಯಿತು. ಐದೇ ಯಾಕೆ ಎಂದು ಕೇಳಿ ಸುಮ್ಮನೆ ಕೂತೆ. ಆ ವಾರ ಯಾರೂ ಹೇಳಲಿಲ್ಲ. ಮುಂದಿನ ವಾರ ಬಾಗಿಲಲ್ಲೇ ಹೇಳಿದ ಒಬ್ಬ: 'ಮೋಹನದಲ್ಲಿ ಸ್ವರ ಐದು ಇವೆಯಲ್ಲ, ಐದರಲ್ಲಿ ಒಂದೊಂದೂ ಒಂದೊಂದು ಸಲ ಆ ಮನೆಗೆ ಬಂದು ಬೀಳುತ್ತದೆ.' ಹಾಗಾದರೆ ಏಳು ಸ್ವರದ ಮಾಯಾಮಾಳವಗೌಳ ರಾಗಕ್ಕೆ? ಏಳು ಕಡೆ ಕೆಡುತ್ತದೆ, ಐದು ಕಡೆ ನಡೆಯುತ್ತದೆ. ನುಡಿಸಿ ನೋಡಿದರು, ಹಾಗೆಯೇ ಆಯಿತು. ಲೆಕ್ಕದ ಮೇಷ್ಟರಿಗೆ ಹೇಳಿದಾಗ ಅವರು ಸಂಗೀತದ ಗಲಾಟೆಯ ಬಗ್ಗೆ ಕೊಟ್ಟಿದ್ದ ದೂರನ್ನು ಮರೆತರು.

ಆ ಏಳರಲ್ಲಿ ಒಂದು ನಾಲ್ಕೂವರೆ ಮನೆ. ಅಲ್ಲಿಂದ ಹಿಡಿದರೆ ಇಡೀ ಮೋಹನ ಬರೀ ಕರಿಯ ಮನೆಗಳ ಮೇಲೆ ಓಡುತ್ತದೆ, ಬಿಳಿಯದನ್ನು ಮುಟ್ಟುವ ಹಾಗೇ ಇಲ್ಲ. ಮಕ್ಕಳು ಇದನ್ನೇ ಆರಿಸಿದರು, ಯಾರು ಬೇಕಾದರೂ ನುಡಿಸಬಹುದು ಎನ್ನುವ ಕಾರಣಕ್ಕೆ. ಅಭ್ಯಾಸ ಮಾಡುವಾಗ ಒಬ್ಬ ತಪ್ಪಿ ಐದೂವರೆಯನ್ನು ಸ ಎಂದುಕೊಂಡು ಅದೇ ಕರಿಯ ಮನೆಗಳಲ್ಲಿ ಓಡಾಡಿದ. ಹಾಡಿನ ಮುಖವೇ ಬೇರೆಯಾಯಿತು. ಅದು ಮಧ್ಯಮಾವತಿ ರಾಗ. ಆರೂವರೆಯಿಂದ ಹಿಡಿಸಿದೆ, ಹಿಂದೋಳ. ಮೂಲೆಯಲ್ಲಿ ಕೂತಿದ್ದವರೂ ಎದ್ದು ಬಂದು ಹಾರ್ಮೋನಿಯಂ ಸುತ್ತ ನಿಂತರು. ನಾನು ವಿದ್ವತ್ ಪರೀಕ್ಷೆಗೆ ಓದುವಾಗ ಸ ವನ್ನು ಬೇರೆ ಸ್ವರಕ್ಕೆ ಸರಿಸಿ ಬೇರೆ ರಾಗ ಪಡೆಯುವ ಗ್ರಹಭೇದ ಎಂಬ ಈ ಅಧ್ಯಾಯ ತಲೆಗೆ ಹತ್ತದೆ ಅತ್ತಿದ್ದೆ. ಹೆಸರನ್ನು ಹಲಗೆಯ ಮೇಲೆ ಬರೆದು ಗಂಟೆ ಹೊಡೆಯುವವರೆಗೆ ಮತ್ತೇನೂ ಹೇಳಲಿಲ್ಲ.

ಲಯಕ್ಕೆ ಒಳ್ಳೆಯ ಸಮಸ್ಯೆ ಬೇಕೆಂದರೆ ನಾಡಗೀತೆ ಇದೆ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನು ಗೊತ್ತುಮಾಡಿ ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕು ಎಂದಿತು. ವಾರವಿಡೀ ದಿನಾ ಗಡಿಯಾರ ಹಿಡಿದು ನಿಮ್ಮ ಶಾಲೆಯಲ್ಲಿ ಎಷ್ಟಾಗುತ್ತದೆ ಎಂದು ಮಕ್ಕಳೇ ಬರೆದುಕೊಳ್ಳಲಿ. ನಮ್ಮಲ್ಲಿ ಸೋಮವಾರಕ್ಕೂ ಶನಿವಾರಕ್ಕೂ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂತು, ಶನಿವಾರ ಮನೆಗೆ ಓಡುವ ಆತುರ. ಆಮೇಲೆ ಹಾಡಿಗೆ ಎಷ್ಟು ಪೆಟ್ಟು ಎಂದು ಅವರೇ ತಾಳ ಹಾಕಿ ಎಣಿಸಿ, 150 ಸೆಕೆಂಡನ್ನು ಆ ಸಂಖ್ಯೆಯಿಂದ ಭಾಗಿಸಿ, ಒಂದು ಪೆಟ್ಟಿಗೆ ಎಷ್ಟು ಹೊತ್ತು ಎಂದು ಕಂಡುಕೊಳ್ಳಲಿ. ನಿಜವಾದ ಕಷ್ಟ ಅದರ ನಂತರ ಶುರುವಾಗುತ್ತದೆ: ಆ ಹೊತ್ತನ್ನು ಗಡಿಯಾರ ಇಲ್ಲದೆ ಮೈಯಲ್ಲಿ ಹಿಡಿದಿಡುವುದು ಹೇಗೆ? ನಿಂತಲ್ಲೇ ನಡೆದು ನೋಡಿದರು, ಕಡೆಗೆ ಶಾಲೆಯ ಬ್ಯಾಂಡಿನ ಡೋಲು ಬಾರಿಸುವ ಹುಡುಗನ ಕಾಲ ಹೆಬ್ಬೆರಳನ್ನು ಎಲ್ಲರೂ ನೋಡುವುದು ಎಂದಾಯಿತು.

ಅಂಕದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೊದಲ ದಿನದ ಹಾಡನ್ನೂ ಕೊನೆಯ ದಿನದ ಹಾಡನ್ನೂ ಮೊಬೈಲ್‌ನಲ್ಲಿ ಹಿಡಿದಿಟ್ಟುಕೊಳ್ಳಿ. ಗುಂಪಿನ ನೋಟ್‌ಬುಕ್ಕಿನಲ್ಲಿ ಕೈಬಿಟ್ಟ ದಾರಿಗಳನ್ನೂ ಬರೆಸಿ, ಹೊಡೆದುಹಾಕಿದ ಸಾಲುಗಳಿಗೂ ಅಂಕ ಕೊಡಿ. ರೂಪಣಾತ್ಮಕ ಮೌಲ್ಯಮಾಪನದ ವಹಿಗೆ ಇಷ್ಟು ಧಾರಾಳ ಸಾಕು, ಕೇಳಿದವರಿಗೆ ತೋರಿಸಲು ಹಾಳೆಯೂ ಇರುತ್ತದೆ.

ಎಲ್ಲಿ ಇದನ್ನು ಮಾಡಬಾರದು ಎನ್ನುವುದನ್ನೂ ಹೇಳಲೇಬೇಕು. ಸರಳೆ ವರಸೆ, ಜಂಟಿ ವರಸೆಯಂಥ ಆರಂಭದ ಸ್ವರಾಭ್ಯಾಸಗಳಿಗೆ ಸಮಸ್ಯೆ ಹುಡುಕುತ್ತಾ ಕೂರಬೇಡಿ. ಶ್ರುತಿ ಕೂಡಿಸುವುದು, ಗಮಕ (ಸ್ವರವನ್ನು ತೂಗಾಡಿಸಿ ಹಾಡುವುದು), ಮೂರು ಕಾಲದಲ್ಲಿ (ಮೂರು ವೇಗದಲ್ಲಿ) ವರಸೆ ಹೇಳುವುದು, ಇವು ಎದುರು ಕೂತು ಹೇಳಿಸಿಕೊಂಡೇ ಬರಬೇಕು. ಚರ್ಚೆ ಮಾಡಿ ಯಾರ ಗಂಟಲೂ ಹದವಾಗಿಲ್ಲ. ಹೊಸ ವಿಧಾನದ ಹುಮ್ಮಸ್ಸಿನಲ್ಲಿ ಒಂದು ವರ್ಷ ಅಭ್ಯಾಸದ ಪೀರಿಯಡ್ಡನ್ನೂ ಸಮಸ್ಯೆಗೇ ಕೊಟ್ಟಿದ್ದೆ. ಮಕ್ಕಳು ಶ್ರುತಿಯ ಬಗ್ಗೆ ಚೆನ್ನಾಗಿ ಮಾತಾಡಿದರು, ಶ್ರುತಿಗೆ ಹಾಡಲಿಲ್ಲ. ಎರಡೂ ಜೊತೆಗಿದ್ದರೆ ಒಂದು ಲಾಭವಿದೆ. ಒಂದು ಮನೆಯ ತಾರ ಗಾಂಧಾರ ತಲುಪಬೇಕಾದ ಹುಡುಗಿಯರು ತಾರಸ್ಥಾಯಿ ವರಸೆಯನ್ನು ಅವರಾಗಿ ಕೇಳಿದರು. ಹನ್ನೊಂದು ವರ್ಷದಲ್ಲಿ ವರಸೆಯನ್ನು ಯಾರೂ ಕೇಳಿ ಪಡೆದಿರಲಿಲ್ಲ.

ಗಲಾಟೆ ಆಗಿಯೇ ಆಗುತ್ತದೆ. ಮುಖ್ಯ ಶಿಕ್ಷಕರಿಗೆ ಮೊದಲೇ ಹೇಳಿಡಿ, ಮಧ್ಯಾಹ್ನದ ಬಿಸಿಯೂಟದ ನಂತರದ ಪೀರಿಯಡ್ ಕೇಳಿ ಪಡೆಯಿರಿ, ಹೊಂಗೆ ಮರ ಇದ್ದರೆ ಅದರ ಕೆಳಗೆ ಹೋಗಿ. ಜೂನ್‌ನಲ್ಲಿ ಶುರುಮಾಡಬೇಡಿ, ಎಂಟನೆಯವರಿಗೆ ಶಾಲೆಯೇ ಹೊಸದು. ಜುಲೈಯಿಂದ ಡಿಸೆಂಬರ್‌ವರೆಗೆ ಮೂರು ಸಮಸ್ಯೆ ಹಿಡಿಯುತ್ತವೆ. ಜನವರಿ ದಾಟಿದ ಮೇಲೆ ಹತ್ತನೆಯವರನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಹಾರ್ಮೋನಿಯಂಗೆ ಕೊನೆಗೂ ಹೊಸ ರೀಡ್ ಬಂದಿದೆ, ಹನ್ನೆರಡು ಮನೆಯೂ ಮಾತಾಡುತ್ತವೆ. ಈ ವರ್ಷದ ಒಂಬತ್ತನೇ ತರಗತಿಯವರು ಬರುವ ಮೊದಲು ಆರನೇ ಮನೆಯ ಕೆಳಗೆ ಬೆಂಕಿಪೊಟ್ಟಣದ ರಟ್ಟನ್ನು ಮಡಚಿ ಸಿಕ್ಕಿಸಿದ್ದೇನೆ.